ಪ್ಲೇಗು ಕಟ್ಟಿಸಿದ ಬಡಾವಣೆಗಳು

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ, ಅರಮನೆ, ದೇವಾಲಯಗಳಿಗೆ ಸಲ್ಲಿಸುವ ಗಮನವನ್ನು ಚರಂಡಿಗೆ, ಓಣಿಗೆ, ಮನೆಯ ನೆಲಗಟ್ಟಿಗೆ ಸಲ್ಲಿಸುವುದು ವಿರಳ. ಜನರ ಆಯುಷ್ಯವನ್ನು ಹೆಚ್ಚಿಸುವುದೂ ಕುಂದಿಸುವುದೂ ಬಹುಮಟ್ಟಿಗೆ ಇವೇ ಆಗಿದ್ದರೂ ಇವು ಶಾಸನಗಳಲ್ಲಿ ಕೆತ್ತಲ್ಪಡುವುದಿಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮತ್ತು ಫ್ರೇಜರ್ ಟೌನ್ ಎಂಬ ಮೂರು ಬಡಾವಣೆಗಳು ಈ ಮಾತಿಗೆ ಉತ್ತಮ ನಿದರ್ಶನ. ಇವುಗಳಲ್ಲಿ ಮೊದಲನೆಯದು ಬಸವಣ್ಣನ ಪ್ರಾಚೀನ ಗುಡಿಯಿಂದಲೂ, ಎರಡನೆಯದು ಕಾಡುಮಲ್ಲೇಶ್ವರ ದೇವಾಲಯದಿಂದಲೂ, ಮೂರನೆಯದು ಆ ಕಾಲದ ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಅವರಿಂದಲೂ ಹೆಸರನ್ನು ಪಡೆದವು. ಇವು ಜನರಿಂದ ತುಂಬಿ ಬೆಳೆದುದಕ್ಕೆ ಮಾತ್ರ ಮೂರಕ್ಕೂ ಸಮಾನವಾದ ಒಂದು ಕಾರಣವಿದೆ. ಅದು 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು. ಆ ಮಹಾಮಾರಿಯು ನಗರಕ್ಕೆ ಏನನ್ನು ಕಲಿಸಿತು, ನಗರವು ಯಾವುದನ್ನು ಕಲಿಯದೆ ಉಳಿಯಿತು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಪ್ಲೇಗು ಬರುವುದಕ್ಕೆ ಮುಂಚಿನ ಬೆಂಗಳೂರು ಎಂದರೆ ಎರಡು ಊರು. ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯು ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿದ್ದಿತು. ಅದರ ಈಶಾನ್ಯಕ್ಕೆ ಹಬ್ಬಿದ್ದ ದಂಡು ಬ್ರಿಟಿಷರ ಆಡಳಿತದಲ್ಲಿದ್ದಿತು. ಪೇಟೆಯ ಬೀದಿಗಳ ಹೆಸರುಗಳೇ ಅಲ್ಲಿನ ವ್ಯವಹಾರವನ್ನು ಹೇಳುತ್ತವೆ: ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆ. ಬೀದಿಯ ಕಡೆಗೆ ಅಂಗಡಿ, ಅದರ ಹಿಂದೆ ಮನೆ, ಮನೆಯೊಳಗೇ ಧಾನ್ಯದ ಮೂಟೆಗಳು, ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ, ಮಣ್ಣಿನ ನೆಲ, ಗಾಳಿಬೆಳಕಿಗೆ ಅವಕಾಶವಿಲ್ಲದ ಒಳಕೋಣೆ. ಇದು ಅಲ್ಲಿನ ವಾಸದ ಕ್ರಮ. ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡಿರಲಿಲ್ಲ. ಆದರೆ ಮನುಷ್ಯನಿಗೆ ಅನುಕೂಲವಾದ ಆ ಏರ್ಪಾಡು ಇಲಿಗೂ ಅಷ್ಟೇ ಅನುಕೂಲವಾಗಿದ್ದಿತೆಂಬುದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆರೋಗ್ಯದ ಕಡೆಗೆ ಸಂಸ್ಥಾನವು ಗಮನ ಹರಿಸಿರಲಿಲ್ಲವೆಂದಲ್ಲ. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳ ನೀರನ್ನೇ ನಂಬಿದ್ದ ಊರಿಗೆ 1896ರಲ್ಲಿ ಅರ್ಕಾವತಿ ನದಿಯ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ ಈ ಕಾರ್ಯವು ಕಾಲರಾದಂತಹ ರೋಗಗಳ ನಿವಾರಣೆಗೆ ಅತ್ಯಂತ ಅವಶ್ಯವಾಗಿದ್ದಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆಯೂ 1890ರ ದಶಕದ ಮೊದಲ ಭಾಗದಲ್ಲಿಯೇ ಸಿದ್ಧವಾಗಿದ್ದಿತು. ಆದರೆ ಪೇಟೆಯ ಜನರು ತಲೆಮಾರುಗಳಿಂದ ಬಾಳಿದ ಮನೆ, ಅಂಗಡಿ, ನೆರೆಹೊರೆಗಳನ್ನು ಬಿಟ್ಟು ಊರ ಹೊರಗಿನ ಬಯಲಿಗೆ ಹೋಗಲು ಸುಲಭವಾಗಿ ಮನಸ್ಸು ಮಾಡಲಿಲ್ಲ. ಯೋಜನೆಯಿಂದ ಆಗದ ಕೆಲಸವನ್ನು ಭಯವು ಮಾಡಿಸಿತು.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಹಬ್ಬಿದ ಪ್ಲೇಗು 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಕಾಣಿಸಿಕೊಂಡಿತು. ಅದನ್ನು ಪ್ಲೇಗೆಂದು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೋ ವಿಯೆಗಾಸ್. ಮಾಂಡ್ವಿಯೂ ಧಾನ್ಯದ ಮಳಿಗೆಗಳ ಕೇರಿ ಎಂಬುದು ಗಮನಾರ್ಹ. ಅಲ್ಲಿಂದ ರೈಲು ಮಾರ್ಗವನ್ನು ಹಿಡಿದು ರೋಗವು ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿ, ಧಾರವಾಡಗಳನ್ನು ಕಾಡಿತು. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಅದರ ಪರಿಣಾಮವನ್ನು ಜನಗಣತಿಯ ಅಂಕೆಗಳೇ ಸಾರುತ್ತವೆ. 1891ರಲ್ಲಿ ಪೇಟೆಯ ಜನಸಂಖ್ಯೆ 80,285, ದಂಡಿನದು 1,00,081. ಹತ್ತು ವರ್ಷಗಳ ತರುವಾಯ, 1901ರಲ್ಲಿ, ಪೇಟೆಯಲ್ಲಿ 69,447 ಮಂದಿಯೂ ದಂಡಿನಲ್ಲಿ 89,599 ಮಂದಿಯೂ ಉಳಿದಿದ್ದರು. ಬೆಳೆಯಬೇಕಾಗಿದ್ದ ಊರು ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿದ್ದಿತು. ಇವರೆಲ್ಲರೂ ಸತ್ತವರಲ್ಲ, ಊರು ಬಿಟ್ಟವರೂ ಇದರಲ್ಲಿ ಸೇರಿದ್ದಾರೆ. ಆದರೂ ಒಂದು ನಗರವು ಹತ್ತು ವರ್ಷಗಳಲ್ಲಿ ಹಿಮ್ಮುಖವಾಗಿ ನಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ಎರಡು ಆಡಳಿತಗಳ ಭಾಗಗಳೂ ಸರಿಸುಮಾರಾಗಿ ಒಂದೇ ಪ್ರಮಾಣದಲ್ಲಿ ಕುಗ್ಗಿದವೆಂಬುದನ್ನೂ ಇಲ್ಲಿ ಲಕ್ಷಿಸಬೇಕು. ಸಂಸ್ಥಾನದ ಎಲ್ಲೆಯಾಗಲಿ ಸಾಮ್ರಾಜ್ಯದ ಎಲ್ಲೆಯಾಗಲಿ ರೋಗಕ್ಕೆ ತಿಳಿದಿರಲಿಲ್ಲ.

ಈ ರೋಗದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಪ್ಲೇಗು ಮೂಲತಃ ಇಲಿಗಳ ರೋಗ. ಅದರ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದನು. ಇಲಿಯ ಮೈಮೇಲಿನ ಚಿಗಟವು ರೋಗಿಷ್ಠ ಇಲಿಯ ರಕ್ತವನ್ನು ಹೀರಿದಾಗ ರೋಗಾಣುಗಳು ಅದರ ಹೊಟ್ಟೆಯನ್ನು ಸೇರುತ್ತವೆ. ಇಲಿ ಸತ್ತು ಅದರ ದೇಹ ತಣ್ಣಗಾದೊಡನೆ ಚಿಗಟವು ಬೇರೆ ಆಸರೆಯನ್ನು ಹುಡುಕುತ್ತದೆ. ಇನ್ನೊಂದು ಇಲಿ ಸಿಕ್ಕದಿದ್ದರೆ ಸಮೀಪದ ಮನುಷ್ಯನನ್ನು ಕಚ್ಚುತ್ತದೆ. ಕೆಲವು ದಿನಗಳಲ್ಲಿಯೇ ಜ್ವರವೇರಿ, ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಗಂಟು ಏಳುತ್ತದೆ. ಔಷಧವಿಲ್ಲದಿದ್ದ ಆ ಕಾಲದಲ್ಲಿ ಗಂಟು ಎದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ರೋಗವು ಶ್ವಾಸಕೋಶವನ್ನು ಹೊಕ್ಕಾಗ ಮಾತ್ರ ಕೆಮ್ಮಿನ ಮೂಲಕ ಒಬ್ಬರಿಂದೊಬ್ಬರಿಗೆ ನೇರವಾಗಿ ಹರಡುತ್ತದೆ. ಉಳಿದಂತೆ ರೋಗಿಯ ಬಳಿ ಕುಳಿತವನಿಗಿಂತ ಇಲಿ ಸತ್ತ ಮನೆಯಲ್ಲಿ ಮಲಗಿದವನಿಗೇ ಅಪಾಯ ಹೆಚ್ಚು.

ನಮ್ಮ ಹಳ್ಳಿಗರು ಇದನ್ನು ತಮ್ಮದೇ ರೀತಿಯಲ್ಲಿ ಅರಿತಿದ್ದರು. "ಇಲಿ ಬಿದ್ದಿತು" ಎಂಬ ಮಾತು ಕೇಳಿದೊಡನೆ ಮನೆಗೆ ಬೀಗ ಹಾಕಿ, ಹೊಲದಲ್ಲಿಯೋ ತೋಪಿನಲ್ಲಿಯೋ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುವುದು ವಾಡಿಕೆಯಾಯಿತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯ ಅಗ್ರಹಾರ ನೆನಪಾಗದಿರದು. ಅಲ್ಲಿ ಶವಸಂಸ್ಕಾರದ ಅಧಿಕಾರ ಯಾರದೆಂಬ ಜಿಜ್ಞಾಸೆ ನಡೆಯುತ್ತಿರುವಾಗ ಇಲಿಗಳು ಒಂದೊಂದಾಗಿ ಬಿದ್ದು ಸಾಯುತ್ತವೆ. ಧರ್ಮಶಾಸ್ತ್ರದ ಪುಟಗಳನ್ನು ತಿರುವುತ್ತಿದ್ದವರು ಕಣ್ಣೆದುರಿನ ಸೂಚನೆಯನ್ನು ಓದಲಾರದೆ ಹೋಗುತ್ತಾರೆ.

ಶಾಸ್ತ್ರವನ್ನು ನೆಚ್ಚಿ ಸೂಚನೆಯನ್ನು ಕಾಣದೆ ಹೋದ ದೋಷವು ಅಗ್ರಹಾರಕ್ಕೆ ಮೀಸಲಾಗಿರಲಿಲ್ಲ. ಅಂದಿನ ಸರ್ಕಾರಗಳ ವೈದ್ಯಶಾಸ್ತ್ರವೂ ಇದೇ ದೋಷಕ್ಕೆ ಗುರಿಯಾಯಿತು. 1898ರಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗವೊಂದನ್ನು ನಡೆಸಿ, ಚಿಗಟವೇ ರೋಗದ ವಾಹಕವೆಂಬುದನ್ನು ತೋರಿಸಿದನು. ಆದರೆ ಅಧಿಕಾರಿಗಳೂ ಪಂಡಿತರೂ ಅದನ್ನು ಒಪ್ಪಲಿಲ್ಲ. ಮುಂಬಯಿಯಲ್ಲಿ 1905ರಿಂದ ನಡೆದ ವಿಸ್ತಾರವಾದ ಪ್ರಯೋಗಗಳ ಅನಂತರವಷ್ಟೇ ಇಲಿ ಮತ್ತು ಚಿಗಟಗಳ ಪಾತ್ರವು ನಿಸ್ಸಂದೇಹವಾಗಿ ಅಂಗೀಕೃತವಾಯಿತು. ಈ ನಡುವಣ ವರ್ಷಗಳಲ್ಲಿ ರೋಗನಿರೋಧದ ಹೆಸರಿನಲ್ಲಿ ನಡೆದುದೆಲ್ಲವೂ ಮನುಷ್ಯನ ಮೇಲಿನ ಕಾರ್ಯಾಚರಣೆ. ಮನೆಮನೆಯ ತಪಾಸಣೆ, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಪರೀಕ್ಷೆ, ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಊರ ಹೊರಗಿನ ಶಿಬಿರಕ್ಕೂ ಸಾಗಿಸುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು, ಸೂರಿನ ಹೆಂಚು ತೆಗೆಸುವುದು. ಇವು ಅಂದಿನ ಕ್ರಮಗಳು. ಬ್ರಿಟಿಷ್ ಭಾರತದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಇದಕ್ಕೆ ಬಲವನ್ನು ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕಗೊಂಡರು. ಅವರೇ ಮುಂದೆ 1906ರಲ್ಲಿ ದಿವಾನರಾದವರು.

ಇಂತಹ ಕ್ರಮಗಳು ಜನರಲ್ಲಿ ರೋಗಕ್ಕಿಂತ ಹೆಚ್ಚಿನ ಭಯವನ್ನು ಹುಟ್ಟಿಸಿದವು. ಅಪರಿಚಿತರು ಮನೆಯ ಒಳಕೋಣೆಗೆ ನುಗ್ಗುವುದು, ಹೆಂಗಸರ ಮೈಮುಟ್ಟಿ ಪರೀಕ್ಷಿಸುವುದು, ಸತ್ತವರಿಗೆ ಸಲ್ಲಬೇಕಾದ ಕ್ರಿಯೆಗಳಿಗೆ ಅಡ್ಡಿಯಾಗುವುದು ಯಾರಿಗೂ ಸಹ್ಯವಾಗಲಿಲ್ಲ. ಪುಣೆಯಲ್ಲಿ ಪ್ಲೇಗ್ ಅಧಿಕಾರಿಯಾಗಿದ್ದ ರ್‍ಯಾಂಡ್ 1897ರ ಜೂನ್ 22ರಂದು ಚಾಪೇಕರ್ ಸೋದರರ ಗುಂಡಿಗೆ ಗುರಿಯಾದನು. ಮೈಸೂರು ಸಂಸ್ಥಾನದಲ್ಲಿಯೂ, ಶ್ರೀರಂಗಪಟ್ಟಣದ ಗಂಜಾಂನಲ್ಲಿ 1898ರಲ್ಲಿ ಜನರು ದಂಗೆ ಎದ್ದರು. ಫಲವೇನೆಂದರೆ, ಜನರು ರೋಗವನ್ನು ಮುಚ್ಚಿಡತೊಡಗಿದರು. ರೋಗಿಯನ್ನು ಅಟ್ಟದಲ್ಲಿ ಅಡಗಿಸಿದರು. ಗಂಟುಮೂಟೆ ಕಟ್ಟಿಕೊಂಡು ರಾತ್ರೋರಾತ್ರಿ ಬೇರೂರಿಗೆ ಓಡಿದರು. ಆ ಗಂಟುಗಳ ಬಟ್ಟೆಬರೆಗಳಲ್ಲಿ ಚಿಗಟಗಳೂ ಪಯಣಿಸಿದವು. ಹೀಗೆ ಬಲಾತ್ಕಾರವು ತಡೆಯಬೇಕಾದ ರೋಗವನ್ನು ತಾನೇ ಹರಡಿತು.

ಇದಕ್ಕೆ ಪ್ರತಿಯಾಗಿ, ಜನರ ವಿಶ್ವಾಸವನ್ನು ಗಳಿಸಿದ ಸ್ಥಳದಲ್ಲಿ ಏನಾಗಬಹುದೆಂಬುದಕ್ಕೆ ಹುಬ್ಬಳ್ಳಿಯೇ ಸಾಕ್ಷಿ. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. 1898ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಾಧಿಕಾರಿ ಲ್ಯೂಮನ್ ನೇತೃತ್ವದಲ್ಲಿ ಆ ಲಸಿಕೆಯನ್ನು ಊರಿನ ಬಹುಪಾಲು ಜನರಿಗೆ ಹಾಕಲಾಯಿತು. ಆ ಕಾಲಕ್ಕೆ ಇದು ದೇಶದಲ್ಲಿಯೇ ಗಣನೀಯವಾದ ಕಾರ್ಯ. ಲಸಿಕೆಯು ಪೂರ್ಣ ರಕ್ಷಣೆಯನ್ನು ಕೊಡದಿದ್ದರೂ ಸಾವುಗಳನ್ನು ತಗ್ಗಿಸಿತು. ಆದರೆ ವಿಶ್ವಾಸವೆಂಬುದು ಎಷ್ಟು ಸೂಕ್ಷ್ಮವಾದುದೆಂಬುದೂ ಶೀಘ್ರವೇ ತಿಳಿಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ, ಒಂದು ಶೀಸೆಯ ಲಸಿಕೆ ಕಲುಷಿತವಾಗಿದ್ದುದರಿಂದ 19 ಮಂದಿ ಧನುರ್ವಾಯುವಿಗೆ ತುತ್ತಾದರು. ಹಾಫ್ಕಿನ್ ನಿರ್ದೋಷಿಯೆಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ 1907ರವರೆಗೂ ಕಾಲ ಹಿಡಿಯಿತು.

ಚುಚ್ಚುಮದ್ದಿನ ಭರವಸೆ ಹೀಗೆ ಅಲುಗಾಡುತ್ತಿರುವಾಗ ನಗರಗಳ ಮುಂದೆ ಉಳಿದ ದಾರಿ ವಾಸಸ್ಥಳವನ್ನೇ ಬದಲಿಸುವುದು. ಬೆಂಗಳೂರಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಗಳು ತುಂಬತೊಡಗಿದುದು ಈ ಸಂದರ್ಭದಲ್ಲಿ. ನೇರವಾದ ಅಗಲ ಬೀದಿಗಳು, ಅವುಗಳನ್ನು ಕತ್ತರಿಸುವ ಅಡ್ಡರಸ್ತೆಗಳು, ಮನೆಯ ಸುತ್ತ ತೆರೆದ ಜಾಗ, ನೀರು ನಿಲ್ಲದಂತೆ ಹರಿಯುವ ಚರಂಡಿ, ಸಾಲುಮರಗಳು. ಇವು ಆ ಬಡಾವಣೆಗಳ ಲಕ್ಷಣ. ಗಾಳಿ ಕೆಟ್ಟರೆ ರೋಗ ಹುಟ್ಟುತ್ತದೆ, ಗಾಳಿಬೆಳಕು ಆಡಿದರೆ ರೋಗ ತೊಲಗುತ್ತದೆ ಎಂಬ ಹಿಂದಿನ ಕಾಲದ ಭಾವನೆಯೇ ಇವುಗಳ ರಚನೆಗೆ ಆಧಾರ. ಪ್ಲೇಗಿನ ಮಟ್ಟಿಗೆ ಆ ಭಾವನೆ ಸರಿಯಾದುದಲ್ಲ. ಆದರೂ ಫಲ ದೊರೆಯಿತು. ಬೆಳಕಾದ ಕೋಣೆಯಲ್ಲಿ ಇಲಿ ಗೂಡು ಮಾಡುವುದಿಲ್ಲ. ಬಿಡಿಬಿಡಿಯಾದ ಮನೆಗಳ ನಡುವೆ ಅದು ಗೋಡೆಯಿಂದ ಗೋಡೆಗೆ ನುಸುಳಲಾರದು. ಧಾನ್ಯದ ಮಂಡಿ ದೂರದಲ್ಲಿದ್ದರೆ ಅದಕ್ಕೆ ಆಹಾರವೂ ದುರ್ಲಭ. ಕಾರಣವನ್ನು ತಪ್ಪಾಗಿ ತಿಳಿದಿದ್ದರೂ ಕಾರ್ಯವನ್ನು ಸರಿಯಾಗಿ ಮಾಡಿದುದಕ್ಕೆ ಇದೊಂದು ಅಪೂರ್ವ ಉದಾಹರಣೆ.

ಫ್ರೇಜರ್ ಟೌನಿನ ಕಥೆ ಇದಕ್ಕಿಂತ ಭಿನ್ನವಾದುದು. ದಂಡಿನ ಕಿಕ್ಕಿರಿದ ಕೇರಿಗಳ ಒತ್ತಡವನ್ನು ಇಳಿಸಲು 1906ರಲ್ಲಿ ಆರಂಭವಾಗಿ 1910ರ ವೇಳೆಗೆ ರೂಪುಗೊಂಡ ಈ ಬಡಾವಣೆಯ ಕಾಲಕ್ಕೆ ಇಲಿಯ ಪಾತ್ರವು ಸ್ಪಷ್ಟವಾಗತೊಡಗಿದ್ದಿತು. ಇದರ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಜೆ. ಎಚ್. ಸ್ಟೀಫನ್ಸ್ ಎಂಬ ಅಧಿಕಾರಿಯು ಬೆಂಗಳೂರಿನ ಪ್ಲೇಗು ನಿರೋಧಕ ನಗರ ರಚನೆಯನ್ನು ಕುರಿತು 1914ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಗಾಳಿಬೆಳಕಿನ ಜೊತೆಗೆ ಇಲಿಗೆ ನೆಲೆಯಿಲ್ಲದಂತೆ ಮನೆಯನ್ನು ಕಟ್ಟುವುದು ಅವನ ಗುರಿ. ಈ ತತ್ತ್ವ ಸರಳವಾದುದು. ಇಲಿಯು ಮಣ್ಣಿನ ನೆಲವನ್ನು ಕೊರೆಯಬಲ್ಲದು, ಕಲ್ಲುಗಾರೆಯ ಗಟ್ಟಿ ನೆಲವನ್ನು ಕೊರೆಯಲಾರದು. ತಳಪಾಯ ಎತ್ತರವಾಗಿದ್ದರೆ ಬಿಲ ತೋಡಲಾರದು. ಟೊಳ್ಳು ಗೋಡೆಯೂ ಸೂರಿನ ಕೆಳಗಿನ ಕತ್ತಲೆಯ ಸಂದೂ ಇಲ್ಲದಿದ್ದರೆ ಮರಿ ಹಾಕಲಾರದು. ಇಲ್ಲಿ ರೋಗನಿರೋಧವು ಮನುಷ್ಯನನ್ನು ಅಟ್ಟಾಡಿಸುವುದನ್ನು ಬಿಟ್ಟು ರೋಗದ ದಾರಿಯನ್ನು ಮುಚ್ಚಲು ಕಲಿಯಿತು. ಗಂಜಾಂನ ದಂಗೆಗೂ ಫ್ರೇಜರ್ ಟೌನಿನ ತಳಪಾಯಕ್ಕೂ ನಡುವೆ ಹತ್ತು ಹನ್ನೆರಡು ವರ್ಷಗಳ ಅಂತರವಷ್ಟೇ ಇದ್ದರೂ, ಮನುಷ್ಯನನ್ನು ಆಪಾದಿತನಂತೆ ಕಾಣುವ ದೃಷ್ಟಿಗೂ ಅವನನ್ನು ರಕ್ಷಿಸಬೇಕಾದವನೆಂದು ಕಾಣುವ ದೃಷ್ಟಿಗೂ ಇರುವ ಅಂತರ ಅದು.

1911ರ ಗಣತಿಯ ಹೊತ್ತಿಗೆ ಬೆಂಗಳೂರಿನ ಎರಡು ಭಾಗಗಳೂ ಸೇರಿ ಜನಸಂಖ್ಯೆ 1,89,485ಕ್ಕೆ ಏರಿದ್ದಿತು. ಇಷ್ಟರೊಳಗೆ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ಪ್ರಾರಂಭವಾಗಿದ್ದಿತು. 1905ರಲ್ಲಿ ಬೀದಿಗಳಿಗೆ ವಿದ್ಯುದ್ದೀಪ ಬಂದಿದ್ದಿತು. ಆದರೂ ಪ್ಲೇಗು ಒಮ್ಮೆಲೇ ನಿಲ್ಲಲಿಲ್ಲ. ಮುಂದೆಯೂ ಹಲವು ವರ್ಷ ಮರುಕಳಿಸಿತು. ಇದಕ್ಕೆ ಮುಖ್ಯವಾದ ಕಾರಣ ಹೊಸ ಬಡಾವಣೆಗಳ ಹೊರಗೆ ಇದ್ದಿತು. ಅನುಕೂಲಸ್ಥರು ಬಯಲಿನ ಹೊಸ ಮನೆಗಳಿಗೆ ಹೋದರು. ಕೂಲಿಯವರು, ಹಮಾಲರು, ಚಿಲ್ಲರೆ ವ್ಯಾಪಾರಿಗಳು ಧಾನ್ಯದ ಮಂಡಿಗಳ ಪಕ್ಕದ ಹಳೆಯ ಕೇರಿಗಳಲ್ಲಿಯೇ ಉಳಿದರು. ಇಲಿಗಳೂ ಅವರೊಡನೆ ಉಳಿದವು. ಬೆಂಗಳೂರಿನ ಹಳೆಯ ಭಾಗಗಳಲ್ಲಿ ಪ್ಲೇಗಿನ ಹೆಸರನ್ನು ಹೊತ್ತ ಮಾರಮ್ಮನ ಗುಡಿಗಳಿವೆ. ಹೊಸ ಮನೆಯನ್ನು ಕಟ್ಟಲಾಗದವರಿಗೆ ಉಳಿದ ಆಸರೆ ದೇವಿಯೊಬ್ಬಳೇ ಎಂಬುದನ್ನು ಆ ಗುಡಿಗಳು ಹೇಳುತ್ತಿವೆ.

ಹೊಸ ಬಡಾವಣೆಗಳ ಒಳಗೂ ಒಂದು ಮೌನವಾದ ವಿಭಜನೆಯಿದ್ದಿತು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಹಂಚುವ ಪದ್ಧತಿಯನ್ನು ಅನುಸರಿಸಲಾಯಿತು. ರೋಗಕ್ಕೆ ಜಾತಿಯಿಲ್ಲವೆಂದು ಸಾವಿರಾರು ಸಾವುಗಳಿಂದ ತಿಳಿದ ಮೇಲೆಯೂ ಬೀದಿಗೆ ಜಾತಿಯಿರಲಿ ಎಂಬ ಮನೋಭಾವವು ತೊಲಗಲಿಲ್ಲ. ಇದಕ್ಕಿಂತ ಮುಖ್ಯವಾದುದು ಮನೆಗಳ ಹಿಂಬದಿಯ ಓಣಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಹಾದುಹೋಗುವ, ಬೆಂಗಳೂರಿಗರು ಕನ್ಸರ್ವೆನ್ಸಿ ಎಂದು ಕರೆಯುವ ಈ ಇಕ್ಕಟ್ಟಾದ ದಾರಿಯನ್ನು ಹಳೆಯ ಭಾಗಗಳಲ್ಲಿ ಇಂದಿಗೂ ಕಾಣಬಹುದು. ಒಳಚರಂಡಿ ಇಲ್ಲದಿದ್ದ ಕಾಲದಲ್ಲಿ ಜಾಡಮಾಲಿಗಳು ಈ ಓಣಿಯಿಂದ ಬಂದು, ಮನೆಯವರ ಕಣ್ಣಿಗೆ ಬೀಳದೆ, ಹಿತ್ತಲಿನ ಕಕ್ಕಸಿನ ಮಲವನ್ನು ಬಾಚಿ ಹೊತ್ತುಕೊಂಡು ಹೋಗಬೇಕಾಗಿದ್ದಿತು. ಮುಂದಿನ ಬೀದಿಯ ಸೊಗಸು ಹಿಂದಿನ ಓಣಿಯ ಈ ದುಡಿಮೆಯನ್ನೇ ಅವಲಂಬಿಸಿದ್ದಿತು. ಬಡಾವಣೆಯ ಆರೋಗ್ಯವನ್ನು ನಿತ್ಯವೂ ಕಾಯುತ್ತಿದ್ದವನಿಗೆ ಆ ಬಡಾವಣೆಯಲ್ಲಿ ನಿವೇಶನವಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣಧರ್ಮದ ಬೆಳಕಿನಲ್ಲಿ ಈ ಸಂಗತಿಯನ್ನು ಪರಿಶೀಲಿಸಿದರೆ ಅದರ ಗಾಂಭೀರ್ಯವು ಮನವರಿಕೆಯಾಗುತ್ತದೆ. ಶರಣರು ಅಂತರಂಗದ ಶುದ್ಧಿಯನ್ನೂ ಬಹಿರಂಗದ ಶುದ್ಧಿಯನ್ನೂ ಬೇರ್ಪಡಿಸಲಿಲ್ಲ. ಯಾವ ಕಾಯಕವನ್ನೂ ಹೀನವೆಂದು ಬಗೆಯಲಿಲ್ಲ. ಶಿವಭಕ್ತರ ಮನೆಯ ಅಂಗಳವನ್ನು ಗುಡಿಸುವುದೇ ಶರಣೆ ಸತ್ಯಕ್ಕನ ಕಾಯಕವಾಗಿದ್ದಿತೆಂದು ಶರಣ ಪರಂಪರೆ ಹೇಳುತ್ತದೆ. ಆಕೆಯು ಹಿಂದಿನ ಓಣಿಯಿಂದ ಬಂದು ಹೋದವಳಲ್ಲ. ಮುಂದಿನ ಅಂಗಳದಲ್ಲಿ ನಿಂತವಳು, ವಚನಕಾರ್ತಿಯಾಗಿ ಶರಣಸಮೂಹದಲ್ಲಿ ಗೌರವದ ಸ್ಥಾನವನ್ನು ಪಡೆದವಳು. ಇಲ್ಲಿ ಒಂದು ಎಚ್ಚರವೂ ಅವಶ್ಯ. ಜನ್ಮದ ಕಾರಣದಿಂದ ಒಬ್ಬನ ಮೇಲೆ ಹೇರಿದ, ಬಿಡುವ ಸ್ವಾತಂತ್ರ್ಯವಿಲ್ಲದ, ಮಾನವನ್ನೇ ಕಳೆಯುವ ದುಡಿಮೆಯನ್ನು ಕಾಯಕವೆಂದು ಕರೆದು ಹೊಗಳುವುದು ಆ ಪವಿತ್ರ ಶಬ್ದಕ್ಕೆ ಮಾಡುವ ಅಪಚಾರ. ಕಾಯಕದಲ್ಲಿ ಗೌರವವೂ ಸ್ವಇಚ್ಛೆಯೂ ಇರಬೇಕು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸುವ ಕ್ರಮವನ್ನು ಕರ್ನಾಟಕದಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕೈಗೊಂಡರು. ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಕಾಯಿದೆಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಬಸವನಗುಡಿಯ ಓಣಿಗಳು ರೂಪುಗೊಂಡು ಆಗ ಒಂದು ಶತಮಾನವೇ ಕಳೆದಿದ್ದಿತು.

ಪ್ಲೇಗು ಭಾರತದಲ್ಲಿ 1896ರಿಂದ ಮುಂದಿನ ಕಾಲು ಶತಮಾನದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸ್ಟ್ರೆಪ್ಟೋಮೈಸಿನ್ ಮೊದಲಾದ ಔಷಧಗಳು ಬಂದ ಮೇಲೆ ಅದು ಗುಣಪಡಿಸಬಹುದಾದ ರೋಗವಾಯಿತು. ಆದರೆ ಅದು ಕಲಿಸಿದ ಪಾಠವು ಹಳತಾಗಿಲ್ಲ. 2020ರಲ್ಲಿ ಕೋವಿಡ್ ಹರಡಿದಾಗ 1897ರ ಅದೇ ಕಾಯಿದೆಯನ್ನು ಮತ್ತೆ ಕೈಗೆತ್ತಿಕೊಳ್ಳಲಾಯಿತು. ಕಾಯಿಲೆಯವರನ್ನು ಕಳಂಕಿತರಂತೆ ಕಂಡ ಪ್ರಸಂಗಗಳೂ, ಮನೆಯಲ್ಲಿ ಕುಳಿತು ಸುರಕ್ಷಿತರಾದವರ ಬೀದಿಗಳನ್ನು ಪೌರಕಾರ್ಮಿಕರು ದಿನವೂ ಗುಡಿಸಿದ ದೃಶ್ಯವೂ ಮರುಕಳಿಸಿದವು.

ಹಳೆಯ ಬಡಾವಣೆಗಳ ಈ ಚರಿತ್ರೆಯಿಂದ ತಿಳಿದುಬರುವ ತತ್ತ್ವ ಇಷ್ಟೇ. ಆರೋಗ್ಯವೆಂಬುದು ಒಬ್ಬನು ಗೋಡೆ ಕಟ್ಟಿ ಕಾಪಾಡಿಕೊಳ್ಳಬಹುದಾದ ಸೊತ್ತಲ್ಲ. ಅಕ್ಕಿಪೇಟೆಯ ಕೂಲಿಕಾರನ ಗುಡಿಸಲಿನಲ್ಲಿ ಇಲಿ ಬಿದ್ದರೆ ಬಸವನಗುಡಿಯ ಮಹಡಿಮನೆಗೂ ನೆಮ್ಮದಿಯಿಲ್ಲ. ದಾಸೋಹವೆಂದರೆ ಹಸಿದವನಿಗೆ ಅನ್ನವನ್ನಿಕ್ಕುವುದಷ್ಟೇ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಶುದ್ಧವಾದ ನೀರು, ಗಟ್ಟಿಯಾದ ನೆಲ, ಬೆಳಕು ಬೀಳುವ ಕೋಣೆ, ಊರನ್ನು ಶುಚಿಯಾಗಿಡುವವನಿಗೆ ಊರೊಳಗೇ ಒಂದು ಮನೆ. ಇವುಗಳನ್ನು ಸಮಾಜವು ತನ್ನ ಎಲ್ಲ ಸದಸ್ಯರಿಗೂ ಒದಗಿಸುವುದೂ ದಾಸೋಹವೇ. ಬಸವಣ್ಣನ ಹೆಸರನ್ನು ಹೊತ್ತ ಬಡಾವಣೆಯ ಹಿಂದಿನ ಓಣಿಯಲ್ಲಿ ಒಮ್ಮೆ ನಡೆದು ನೋಡಿದವರಿಗೆ, ಆ ದಾಸೋಹದಲ್ಲಿ ಇನ್ನೂ ಸಲ್ಲದೆ ಉಳಿದಿರುವ ಪಾಲು ಯಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.